ಟಕ್ ಅನ್ನುವ ತನಕ

ರೇವಣಪ್ಪ ಮುಂದಿನ ಬ್ರೇಕು ಒತ್ತಿ ಹಿಡಿದು ಸೊಸೆಯ ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿದ. ಹ್ಯಾಂಡಲ್ಲಿನ ಬುಡದಲ್ಲಿ ಟುಕ್ ಟುಕ್ ಎಂದಿತು.

"ಹೆಡ್‌ಸೆಟ್ಟಿನ ಬೇರಿಂಗ್ ಸಡಿಲ ಆಗ್ಯದ," ಎಂದು ಎದುರಿನ ಗೋಡೆಗೆ ಹೇಳಿದ.

ಗೋಡೆಗೇ ಹೇಳಬೇಕಿತ್ತು. ಸೊಸೆ ರೂಪಾ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು, ನಿಜ. ಆದರೆ ಬೀದರ ಕಡೆಯ ಅವರ ಮನೆತನದಲ್ಲಿ ಸೊಸೆ ಮಾವನೊಡನೆ ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ನಾಶಿಕಕ್ಕೆ ಬಂದು ನೆಲೆಸಿದರೂ ಆ ಪದ್ಧತಿ ಗಂಟುಮೂಟೆಯ ಜೊತೆ ಬಂದುಬಿಟ್ಟಿತ್ತು. ಬ್ಯಾಂಕಿನಲ್ಲಿ ದಿನವಿಡೀ ಮರಾಠಿಯಲ್ಲಿ ಜನರ ಬೆವರಿಳಿಸುವ ರೂಪಾ, ಮನೆಯಲ್ಲಿ ಮಾವನಿಗೆ ಚಹಾ ಬೇಕೇ ಎಂಬುದನ್ನೂ ಅತ್ತೆ ರುಕ್ಮಿಣಿಬಾಯಿಯ ಮೂಲಕ ಕೇಳುತ್ತಿದ್ದಳು. ಹೀಗೆ ಆರು ವರ್ಷ ನಡೆದಿತ್ತು.

ಮಾರನೆಯ ದಿನ ನಸುಕಿನಲ್ಲಿ ಅವಳು ಸಂಭಾಜಿನಗರದ ತವರಿಗೆ ಸೈಕಲ್ ಮೇಲೆ ಹೊರಡುವವಳಿದ್ದಳು. ಅದಕ್ಕಾಗಿ ಆರು ತಿಂಗಳು ಇಗತಪುರಿ ಘಾಟು ಹತ್ತಿ ಇಳಿದು ಕಾಲು ಸವೆಸಿದ್ದಳು. ಸೈಕಲ್ ಅಂಗಡಿಯವನು ಸೋಮವಾರ ಬನ್ನಿ ಎಂದಿದ್ದರಿಂದ ರಿಪೇರಿ ರೇವಣಪ್ಪನ ಕೈಗೆ ಬಂದಿತ್ತು. ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕು ಕಾರ್ಬನ್ನಿನದು. ಹಗುರ, ಗಟ್ಟಿ, ಆದರೆ ಅಳತೆ ಮೀರಿ ಹಿಂಡಿದರೆ ಒಳಗೊಳಗೇ ಬಿರುಕು ಬಿಡುವಂಥದ್ದು. ಬಿರುಕು ಕಂಡರೆ ಪ್ರಯಾಣ ರದ್ದು. ಕಾಣದಿದ್ದರೆ ಎಲ್ಲೋ ಯೇವಲಾ ದಾಟಿದ ಮೇಲೆ ಮುರಿದು ರೂಪಾಳ ಹಲ್ಲು ರಸ್ತೆಯ ಪಾಲು.

ರೇವಣಪ್ಪನಿಗೆ ಇದ್ಯಾವುದರ ಚಿಂತೆಯೂ ಇಲ್ಲ. ಸಿನ್ನರ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು. ಅವನು ಬಿಗಿದ ನಟ್ಟು ಬಿಚ್ಚಲು ಇಬ್ಬರು ಬೇಕೆಂಬ ಕೀರ್ತಿ. ಅದೇ ಕೀರ್ತಿಯಿಂದ ಮನೆಯ ಕುಕ್ಕರಿನ ಎರಡು ಹಿಡಿಕೆಗಳು ಸೀಳಿದ್ದವು. ಮೂರನೆಯದನ್ನು ರುಕ್ಮಿಣಿಬಾಯಿ ಅವನ ಕೈಗೆ ಸಿಗದಂತೆ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು.

ಅವನು ಮೇಲಿನ ಬೋಲ್ಟನ್ನು ತಿರುಗಿಸಿದ. ಟುಕ್ ಟುಕ್ ಹೋಗಲಿಲ್ಲ. ಇನ್ನಷ್ಟು ತಿರುಗಿಸಿದ. ಬಾಗಿಲಲ್ಲಿದ್ದ ರೂಪಾ, ಬಾಜೂವಿನ, ಅಂದರೆ ಪಕ್ಕದ, ಎರಡು ಬೋಲ್ಟು ಮೊದಲು ಸಡಿಲಿಸದಿದ್ದರೆ ಮೇಲಿನದು ಎಷ್ಟು ತಿರುಗಿಸಿದರೂ ಉಪಯೋಗವಿಲ್ಲ ಎಂದು ಅತ್ತೆಗೆ ಹೇಳಿದಳು. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ರುಕ್ಮಿಣಿಬಾಯಿ ಅದನ್ನು ದಾಟಿಸಿದಳು.

"ರೀ, ಮೊದಲ ಬಾಜೂವು ಸಡಿಲ ಮಾಡ್ರಂತ. ಕುಕ್ಕರ್ ಹಿಡಿಕಿ ನೆನಪ ಇರ್ಲಿ ಅಂತನೂ ಹೇಳ್ಲತ್ತಾಳ."

ಹಿಡಿಕೆಯ ಮಾತು ರೂಪಾ ಆಡಿರಲಿಲ್ಲ. ಅವಳು ನಾಲಿಗೆ ಕಚ್ಚಿಕೊಂಡಳು.

ರೇವಣಪ್ಪ ಮುಖ ಗಂಟಿಕ್ಕಿಕೊಂಡೇ ಬಾಜೂವಿನವನ್ನು ಸಡಿಲಿಸಿ ಮೇಲಿನದನ್ನು ಮತ್ತೆ ತಿರುಗಿಸಿದ. ಸಪ್ಪಳ ನಿಂತಿತು. ಹ್ಯಾಂಡಲ್ಲು ತುಸು ಬಿಗಿ ಎನಿಸಿ ಬೋಲ್ಟನ್ನು ಒಂದೆಳೆ ಹಿಂದಕ್ಕೆ ತಿರುಗಿಸಿದ. ಮುಂದಿನ ಗಾಲಿಯನ್ನೆತ್ತಿದರೆ ಹ್ಯಾಂಡಲ್ಲು ತಾನಾಗಿ ಸಲೀಸಾಗಿ ಹೊರಳಿತು. ಅವನಿಗೆ ಹಿಗ್ಗಾಯಿತು. ಇನ್ನು ಬಾಜೂವಿನ ಎರಡನ್ನು ಬಿಗಿದರೆ ಮುಗಿಯಿತು. ಬೋಲ್ಟು ಬಿಗಿಯುವ ಕಾರ್ಖಾನೆಯ ಕಾಲದ ಮೊಳದುದ್ದದ ಕೀಲಿ ತೂರಿಸಿ, ಬನಿಯನ್ನಿನ ಭುಜ ಸರಿಮಾಡಿಕೊಂಡು, ಉಸಿರು ಬಿಗಿಹಿಡಿದ.

"ಅತ್ತಿ, ಐದ ನ್ಯೂಟನ್ ಮೀಟರಕಿಂತ ಜಾಸ್ತಿ ಬಿಗೀಬಾರ್ದು..." ರೂಪಾ ತಿರುಗಿದಳು. ಅಷ್ಟರಲ್ಲಿ ರುಕ್ಮಿಣಿಬಾಯಿಗೆ ಸಿಲ್ಲೋಡಿನ ತಂಗಿಯ ಫೋನು ಬಂದು ಅವಳು ಬೇರೆ ಲೋಕದಲ್ಲಿದ್ದಳು. ರೇವಣಪ್ಪನ ಕತ್ತಿನ ನರ ಉಬ್ಬಿತು.

"ಮಾವಾರ, ಕೈ ತೆಗೀರಿ!"

ಆರು ವರ್ಷದಲ್ಲಿ ಅವಳು ಮಾವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಸಿಲ್ಲೋಡಿನ ತಂಗಿಯೂ ಸುಮ್ಮನಾದಳು.

ರೇವಣಪ್ಪ ಕೈ ತೆಗೆದ. ಅವನಿಗೆ ಅವಮಾನವಾಯಿತು. ಮೂವತ್ತೊಂದು ವರ್ಷದಲ್ಲಿ ಯಾವ ಸಾಹೇಬನೂ ಹಾಗೆ ಅಂದಿರಲಿಲ್ಲ. ತಿರುಗಿ ನೋಡಿದರೆ ರೂಪಾ ಹತ್ತಿರ ಬಂದು ಕೈ ಚಾಚಿದ್ದಳು. ಆ ಕೈಯಲ್ಲಿ, ಬಿಗಿತ ಅಳೆಯುವ ಗೇಣುದ್ದದ ಟಾರ್ಕ್ ಪಾನಾ ಇತ್ತು.

"ಐದಕ್ಕ ಇಟ್ಟೀನ್ರಿ. ಅಷ್ಟಾದ್ರ ಟಕ್ ಅಂತದ."

"ಐದಾ?" ಎಂದ ಅವನು, ಗೋಡೆಗಲ್ಲ, ಅವಳಿಗೇ. "ಉಪ್ಪಿನಕಾಯಿ ಬರಣಿಗಿ ಇದಕಿಂತ ಜಾಸ್ತಿ ಬೇಕಲ್ಲ."

"ಒಳಗ ಕಬ್ಬಿಣ ಇಲ್ರಿ ಮಾವಾರ."

ಅವನು ಪಾನಾ ತಗೊಂಡು ಒಂದೊಂದು ಬೋಲ್ಟನ್ನೂ ಸರದಿಯ ಮೇಲೆ ತುಸುತುಸುವೇ ತಿರುಗಿಸಿದ. ಟಕ್. ಇನ್ನೊಂದು ಸುತ್ತು ತಿರುಗಿಸಲು ಮಣಿಕಟ್ಟು ತುಡಿಯಿತು. ಹಲ್ಲು ಕಚ್ಚಿ ತಡೆದುಕೊಂಡ.

ಮಾರನೆಯ ದಿನ ರೂಪಾ ನಸುಕಿನಲ್ಲಿ ಹೊರಟಾಗಿನಿಂದ ಅವನು ಉಣ್ಣಲಿಲ್ಲ, ಅದಕ್ಕೆ ಪಿತ್ತದ ನೆಪ ಹೇಳಿದ. ಮಧ್ಯಾಹ್ನ ಎರಡಕ್ಕೆ ರೂಪಾಳ ಫೋನು ಬಂತು. ರುಕ್ಮಿಣಿಬಾಯಿ ಎರಡು ಮಾತಾಡಿ ಫೋನನ್ನು ಗಂಡನತ್ತ ಚಾಚಿದಳು. "ನಿಮಗೇ ಕೊಡಂತಾಳ."

"ಊರ ಮುಟ್ಟಿದೇನು?" ಎಂದು ಕೇಳಿದ. "ಸಪ್ಪಳ?"

"ಒಂದೂ ಇಲ್ರಿ ಮಾವಾರ."

ಅವನು ಫೋನು ಇಡುವಷ್ಟರಲ್ಲಿ ರುಕ್ಮಿಣಿಬಾಯಿ ಕುಕ್ಕರನ್ನೂ ಹಿಟ್ಟು ಮೆತ್ತಿದ ಹೊಸ ಹಿಡಿಕೆಯನ್ನೂ ಅವನ ಮುಂದೆ ತಂದಿಟ್ಟು ಒಳಗೆ ಹೋದಳು. ರೇವಣಪ್ಪ ಸೊಸೆ ಬಿಟ್ಟುಹೋಗಿದ್ದ ಪಾನಾಕ್ಕೆ ಸ್ಕ್ರೂಡ್ರೈವರಿನ ಮೊನೆ ಸಿಕ್ಕಿಸಿ ಹಿಡಿಕೆಯ ಸ್ಕ್ರೂವನ್ನು ಎರಡು ಬೆರಳಿನಿಂದ ತಿರುಗಿಸಿದ. ಟಕ್ ಎಂದಿತು. ಕೈ ತೆಗೆದ.