ಹತ್ತಿಸಿದವನೇ ಇಳಿಸುವುದು

ಗ್ಯಾರೇಜಿನಲ್ಲಿ ಬಸ್ಸಿನಡಿ ಮಲಗಿ ಸೈಲೆನ್ಸರ್ ಪೈಪು ಕೊಯ್ಯುತ್ತಿದ್ದವನಿಗೆ, ಕಟ್ಟರಿನ ಅಬ್ಬರದ ನಡುವೆಯೂ ಅಕ್ಕನ ದನಿ ಕೇಳಿಸಿತು. ಪೈಪು ಇನ್ನೂ ಅರ್ಧವಷ್ಟೇ ತುಂಡಾಗಿತ್ತು. ಅವನು ನಿಲ್ಲಿಸಲಿಲ್ಲ. ಉಳಿದರ್ಧವನ್ನೂ ಕೊಯ್ದು, ತುಂಡು ನೆಲಕ್ಕೆ ಬಿದ್ದ ಮೇಲೆಯೇ ತೆವಳಿಕೊಂಡು ಹೊರಗೆ ಬಂದ.

ಬಸ್ಸು ಅಕ್ಕನದು. ಗುಡ್ಡದ ಮೇಲಿನ ಕಾರ್ಖಾನೆಗೆ ಕೆಲಸದವರನ್ನು ಹತ್ತಿಸಿ ಇಳಿಸುವುದು ಈ ತಮ್ಮನ ಪಾಲಿನ ಕೆಲಸ. ಆದರೆ ಎರಡು ವರ್ಷಗಳಿಂದ ಅವನು ಬಸ್ಸನ್ನು ಗುಡ್ಡ ಹತ್ತಿಸುತ್ತಿದ್ದನೇ ಹೊರತು ಇಳಿಸುತ್ತಿರಲಿಲ್ಲ. ಒಂದು ಸಂಜೆ ಇಳಿಯುವಾಗ ಬ್ರೇಕು ಕಾದು ಕಾದು ಹಿಡಿತ ಬಿಟ್ಟಿತ್ತು. ತುಂಬಿದ ಬಸ್ಸನ್ನು ಮಣ್ಣುದಿಬ್ಬಕ್ಕೆ ಉಜ್ಜಿಸಿ ಹೇಗೋ ನಿಲ್ಲಿಸಿದ್ದ. ಯಾರಿಗೂ ಒಂದು ಗೀರೂ ಆಗಲಿಲ್ಲ, ಆದರೆ ಅಂದಿನಿಂದ ಇಳಿಜಾರು ಕಂಡರೆ ಅವನ ಕೈಕಾಲು ತಣ್ಣಗಾಗುತ್ತಿತ್ತು. ಮೇಲೆ ತಲುಪಿದ ಕೂಡಲೇ ಕೀಲಿಯನ್ನು ಅಕ್ಕನ ಮಗನ ಕೈಗಿಟ್ಟು, ತಾನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುವುದು ರೂಢಿಯಾಯಿತು. ಕಾರ್ಖಾನೆಯವರು 'ಅರ್ಧ ಡ್ರೈವರು' ಎಂದು ಹೆಸರಿಟ್ಟರು. ಅವರ ಜೊತೆ ಅವನೂ ನಗುತ್ತಿದ್ದ. ಮನೆಗೆ ಬಂದರೆ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಹೋದ ವಾರ ಅಕ್ಕ ತೀರ್ಮಾನ ಹೇಳಿದ್ದಳು. ಒಂದು ಬಸ್ಸಿಗೆ ಇಬ್ಬರು ಡ್ರೈವರು ಎಲ್ಲಿಯ ಮಾತು, ಸೋಮವಾರದಿಂದ ಮಗನೇ ಎರಡೂ ಕಡೆ ಓಡಿಸಲಿ, ತಮ್ಮ ಬಾಗಿಲಲ್ಲಿ ನಿಂತು ಜನ ಹತ್ತಿಸಿಕೊಳ್ಳಲಿ. ಅವನು ಎದುರು ಮಾತಾಡದೆ ನೇರ ಗುಜರಿ ಅಂಗಡಿಗೆ ಹೋಗಿ, ಇದೇ ಎಂಜಿನ್ನಿನ ಹಳೇ ಬಸ್ಸೊಂದರಿಂದ, ಹೊಗೆ ಪೈಪಿನ ನಡುವೆ ಕೂರಿಸುವ ಎಕ್ಸಾಸ್ಟ್ ಬ್ರೇಕು ಬಿಚ್ಚಿಸಿಕೊಂಡು ಬಂದ. ಕೇಳಿದರೆ ಅಕ್ಕ ಬೇಡ ಎನ್ನುವುದು ಖಂಡಿತ. ಪೈಪು ತುಂಡಾದ ಮೇಲೆ ಬೇಡ ಅಂದು ಪ್ರಯೋಜನವೇನು?

"ಯಾರನ್ನ ಕೇಳಿ ಕೊಯ್ದೆ?" ಎಂದಳು ಅಕ್ಕ.

"ಯಾರನ್ನೂ ಕೇಳಿಲ್ಲ."

ಅವಳು ಬಾಯಿಗೆ ಬಂದಂತೆ ಬೈದಳು. ಹೊಗೆಯ ದಾರಿ ಮುಚ್ಚಿದರೆ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋ ಹಾಳಾಗುತ್ತದೆ, ಎಂಜಿನ್ ಕೆಟ್ಟು ಕೂರುತ್ತದೆ ಎಂದಳು. ಗ್ಯಾರೇಜಿನ ಮೇಸ್ತ್ರಿ ನಡುವೆ ಬಂದು ಸಮಾಧಾನವಾಗಿ ವಿವರಿಸಿದ. ಈ ಬ್ರೇಕೆಂದರೆ ಪೈಪಿನೊಳಗಿನ ಒಂದು ಮುಚ್ಚಳ, ಅದು ಕೂರುವುದು ಟರ್ಬೋ ದಾಟಿದ ಮೇಲೆ. ಆಕ್ಸಿಲರೇಟರಿನಿಂದ ಕಾಲೆತ್ತಿದಾಗ ಮಾತ್ರ ಅದು ಮುಚ್ಚುತ್ತದೆ, ಆಗ ಹೊರಹೋಗಲಾರದ ಹೊಗೆ ಒತ್ತಿ ನಿಂತು ಎಂಜಿನ್ನೇ ಬಸ್ಸನ್ನು ತಡೆದು ಹಿಡಿಯುತ್ತದೆ, ಹೆಚ್ಚಾದ ಒತ್ತಡ ಸೋರಿಹೋಗಲು ಮುಚ್ಚಳದಲ್ಲೇ ಸಣ್ಣ ತೂತಿದೆ. ಅಕ್ಕ ಮೇಸ್ತ್ರಿಯ ಕಡೆ ತಿರುಗಿಯೂ ನೋಡಲಿಲ್ಲ.

"ನನ್ ಮಗನಿಗೆ ಬೇಡದ್ದು ನಿನಗ್ಯಾಕೋ? ಪುಕ್ಕಲು ಅಂತ ಊರೆಲ್ಲ ಆಡ್ಕೊಳ್ಳೋದು ಸಾಲದಾ?"

"ಹೌದಕ್ಕ, ನನಗೆ ಹೆದರಿಕೆ. ಅವತ್ತು ಬೆನ್ನ ಹಿಂದೆ ಅಷ್ಟು ಜನ ಕಿರುಚಿದ್ದು ಕೇಳಿದವನು ನಾನು. ನಿನ್ ಮಗ ಕೇಳಿಲ್ಲ, ಕೇಳೋದೂ ಬೇಡ. ಇದನ್ನ ಬಿಚ್ಚಿಸ್ತೀಯಾ, ಬಿಚ್ಚಿಸು. ಜೊತೆಗೆ ಬೇರೆ ತಮ್ಮನನ್ನೂ ಹುಡುಕ್ಕೋ."

ಹುಟ್ಟಿದಾಗಿನಿಂದ ಅವನು ಅಕ್ಕನಿಗೆ ಹೀಗೆ ಎದುರು ನಿಂತವನಲ್ಲ. ಮಾತು ಮುಗಿದ ಮೇಲೂ ಜಾಗ ಬಿಟ್ಟು ಸರಿಯಲಿಲ್ಲ. ಅಕ್ಕ ನೆಲದ ಮೇಲಿದ್ದ ಪೈಪಿನ ತುಂಡನ್ನು ಕಾಲಿನಿಂದ ಬದಿಗೆ ತಳ್ಳಿದಳು.

"ಹಾಗಾದ್ರೆ ಸೋಮವಾರ ನೀನೇ ಇಳಿಸು. ನಾನೂ ಕೂತ್ಕೋತೀನಿ," ಎಂದು ಹೊರಟುಹೋದಳು.

ವೆಲ್ಡಿಂಗ್ ಆಯಿತು, ಎಲ್ಲೂ ಹೊಗೆ ಸೋರುತ್ತಿಲ್ಲವೆಂದು ಕೈಯಿಟ್ಟು ನೋಡಿದ್ದಾಯಿತು. ಮೇಸ್ತ್ರಿ ಖಾಲಿ ಬಸ್ಸನ್ನು ಒಮ್ಮೆ ಇಳಿಸಿ ನೋಡಿ ಸರಿಯಿದೆ ಎಂದ.

ಸೋಮವಾರ ಸಂಜೆ ಗುಡ್ಡದ ಮೇಲೆ ಬಸ್ಸು ತುಂಬಿತು. ಸೋದರಳಿಯ ಅಭ್ಯಾಸಬಲದಿಂದ ಕೀಲಿಗೆ ಕೈಚಾಚಿದ. "ಹಿಂದೆ ಹೋಗಿ ಕೂತ್ಕೋ," ಎಂದ ಮಾವ. ಅರ್ಧ ಡ್ರೈವರು ಇಳಿಸುತ್ತಾನೆಂದು ತಿಳಿದು ಇಬ್ಬರು ನಡೆದೇ ಹೋಗುತ್ತೇವೆಂದು ಇಳಿದರು. ಅವನು ಅವರನ್ನು ಕರೆಯಲಿಲ್ಲ. ಅಕ್ಕ ಅವನ ಪಕ್ಕದ ಸೀಟಿನಲ್ಲಿ ಕುಳಿತಳು.

ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಹಾಕಿ, ಹೊಸ ಸ್ವಿಚ್ಚು ಒತ್ತಿ, ಆಕ್ಸಿಲರೇಟರಿನಿಂದ ಕಾಲೆತ್ತಿದ. ನೆಲದಡಿಯಿಂದ ಒರಟು ಉಸಿರಿನಂಥ ಸದ್ದು ಬಂತು. ಬೆನ್ನು ಹಿಡಿದು ಯಾರೋ ಎಳೆದಂತೆ ಬಸ್ಸು ನಿಧಾನವಾಯಿತು. ಹೆದರಿಕೆ ಹೋಗಲಿಲ್ಲ. ಆದರೂ ಆ ಮಣ್ಣುದಿಬ್ಬದ ತಿರುವನ್ನು ಕಣ್ಣು ಬಿಟ್ಟುಕೊಂಡೇ ದಾಟಿದ. ಬ್ರೇಕು ತುಳಿಯಬೇಕಾದದ್ದು ಅದೊಂದೇ ಕಡೆ, ಅದೂ ಮೆಲ್ಲಗೆ.

ಆಮೇಲೆ ಪಕ್ಕಕ್ಕೆ ನೋಡಿದ. ಅಕ್ಕ ಎರಡೂ ಕೈಯಲ್ಲಿ ಕಂಬಿ ಹಿಡಿದು, ಹಲ್ಲು ಕಚ್ಚಿ, ಅಲ್ಲೇ ಬ್ರೇಕಿದೆಯೆಂಬಂತೆ ಬಲಗಾಲಿನಿಂದ ಬರೀ ನೆಲವನ್ನು ಶಕ್ತಿಮೀರಿ ಒತ್ತಿ ಹಿಡಿದಿದ್ದಳು.

"ಕಾಲೆತ್ತು ಅಕ್ಕ," ಎಂದ ಮೆಲ್ಲಗೆ.

ಅವಳು ಎತ್ತಲಿಲ್ಲ. ಮುಂದಿನ ತಿರುವಿನಲ್ಲೂ ಒತ್ತಿದಳು.