ಎಲ್ಲರಿಗೂ ಹೇಳುವ ಮಾತು

ಎಡಗೆನ್ನೆಯ ಮೇಲೆ ಟೇಪಿನ ಗುರುತು, ತುಟಿಯ ಅಂಚಿನಿಂದ ಕಿವಿಯ ಕಡೆಗೆ ಎರಡು ಬೆರಳಗಲ, ಅಂಟು ಸರಿಯಾಗಿ ಒರೆಸಿಲ್ಲ, ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿದೆ, ನನ್ನ ವಾರ್ಡಾಗಿದ್ದರೆ ಒರೆಸಿದವಳನ್ನು ಸುಮ್ಮನೆ ಬಿಡುತ್ತಿರಲಿಲ್ಲ, ಎಣ್ಣೆ ಹಚ್ಚಿ ಒರೆಸಬೇಕು ಅಂತ ಎಷ್ಟು ಸಲ ಹೇಳಿದ್ದೇನೆ, ಸತ್ತವರ ಚರ್ಮವೂ ಚರ್ಮವೇ — ಇದು ಅಕ್ಕನ ಕೆನ್ನೆ, ಅಕ್ಕ ಸತ್ತು ಇನ್ನೂ ಒಂದು ಗಂಟೆಯಾಗಿಲ್ಲ, ನಾನು ಅಂಟಿನ ತಪ್ಪು ಹುಡುಕುತ್ತ ನಿಂತಿದ್ದೇನೆ, ಇಪ್ಪತ್ತೆರಡು ವರ್ಷ ನರ್ಸಾದವಳಿಗೆ ಅಳು ಬರುವ ಮೊದಲು ತಪ್ಪೇ ಕಾಣುವುದು. ಯಾರೋ ಮೊಣಕೈ ಮುಟ್ಟಿದರು, ಪುಟ್ಟಿ, ಈ ಐಸಿಯುನಲ್ಲಿ ಈಗ ಅವಳದೇ ರಾಜ್ಯ, ಎಂಟು ವರ್ಷದ ಹಿಂದೆ ನನ್ನ ಕೈಕೆಳಗೆ ಸೇರಿದಾಗ ಮೊದಲ ಹೆಣ ನೋಡಿ ಬಟ್ಟೆ ಕೋಣೆಯಲ್ಲಿ ಅಡಗಿ ಕೂತಿದ್ದಳು, ಮೊಣಕೈ ಮುಟ್ಟುವುದನ್ನು ನಾನೇ ಕಲಿಸಿದ್ದು — ಭುಜ ಬೇಡ, ದೊಡ್ಡಸ್ತಿಕೆಯ ಹಾಗಿರುತ್ತದೆ, ಕೈ ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ, ಮೊಣಕೈ ಸಾಕು — ಮುಟ್ಟಿ, ದನಿ ಇಳಿಸಿ, ಹೇಳಿದಳು, ಸಿಸ್ಟರ್, ಕೊನೇಲಿ ನಿಮ್ಮನ್ನೇ ಕೇಳ್ತಿದ್ರು, ತಂಗಿ ಬಂದ್ಲಾ ಅಂತ.

ಅಯ್ಯೋ ನಿನ್ನ. ನನ್ನ ಗಿಳಿಪಾಠ ನನಗೇ ಒಪ್ಪಿಸುತ್ತಿದ್ದಾಳೆ. ತಡವಾಗಿ ಬಂದವರಿಗೆಲ್ಲ ನಾನು ಕೊಡುತ್ತಿದ್ದ ಮಾತು ಅದು, ಮಗನಿಗಾದರೆ ಮಗ ಬಂದ್ನಾ, ಹೆಂಡತಿಗಾದರೆ ಅವಳು ಬಂದ್ಲಾ, ಅಷ್ಟೇ ವ್ಯತ್ಯಾಸ, ಸಾಯುವವರು ಕೇಳುವುದು ನೀರು, ಇಲ್ಲವೇ ಬೆನ್ನ ಕೆಳಗೆ ಏನೋ ಚುಚ್ತಿದೆ ತೆಗೀರಿ ಅಂತ, ಅದನ್ನು ಮನೆಯವರಿಗೆ ಹೇಳಲಾಗುತ್ತದೆಯೇ, ಅದಕ್ಕೇ ಈ ಮಾತು, ಹೇಳಿ ಹತ್ತು ಎಣಿಸು, ಅತ್ತರೆ ನಿಂತಿರು, ಗಡಿಯಾರ ನೋಡಬೇಡ, ಆದರೆ ಹೇಳುವ ಮೊದಲು ಚಾರ್ಟ್ ನೋಡು, ಉಸಿರಾಟದ ಟ್ಯೂಬು ಗಂಟಲಲ್ಲಿದ್ದವರು ಮಾತಾಡಲಾರರು, ಅವರ ಮನೆಯವರಿಗೆ ಬೇರೆ ಏನಾದರೂ ಹುಡುಕು ಅಂತಲೂ ಕಲಿಸಿದ್ದೆನಲ್ಲ, ಅದನ್ನು ಮಾತ್ರ ಮರೆತಳು. ಮೂರು ದಿನದ ಹಿಂದೆ ಆಂಬುಲೆನ್ಸಿನಲ್ಲೇ ಅಕ್ಕನಿಗೆ ಟ್ಯೂಬು ಹಾಕಿದ್ದರು, ತೆಗೆದದ್ದು ಇವತ್ತು, ಉಸಿರು ನಿಂತ ಮೇಲೆ, ಟೇಪಿನ ಗುರುತು ಇಲ್ಲೇ ಇದೆ, ಅಕ್ಕ ಯಾರನ್ನೂ ಕೇಳಿಲ್ಲ. ಭಾವ ಮೂರು ದಿನವೂ ಫೋನು ಮಾಡಿದರು, ಒಂದ್ಸಲ ಬಂದು ಮುಖ ತೋರ್ಸಮ್ಮ, ನಿನ್ನ ದನಿ ಕೇಳಿದ್ರೆ ಕಣ್ಣು ಬಿಡ್ತಾಳೇನೋ, ನಾನಿದ್ದದ್ದು ಎರಡು ಮಹಡಿ ಮೇಲೆ, ಇದೇ ಕಟ್ಟಡ, ಬಂದೆ ಭಾವ, ಡ್ಯೂಟಿ ಮುಗಿಸಿ ಬಂದೆ ಅಂದೆ, ಗಾಜಿನ ಬಾಗಿಲ ತನಕ ಇಳಿದು ಬಂದು ವಾಪಸ್ ಹತ್ತಿದೆ, ಇವತ್ತು ಹನ್ನೊಂದಕ್ಕೆ ಅವಳು ಹೋಗುವಾಗ ಹನ್ನೆರಡನೇ ಬೆಡ್ಡಿನ ಮೇಷ್ಟ್ರ ಕೈ ಹಿಡಿದು ಕೂತಿದ್ದೆ, ಹೆದರ್ಬೇಡಿ ಮೇಷ್ಟ್ರೇ, ನಾನಿದ್ದೀನಿ ಅಂತ — ಊರಿಗೆಲ್ಲ ನಾನಿದ್ದೀನಿ, ಥೂ.

ಒಳಗೆ ಕಾಲಿಡದೆ ಹೋದದ್ದಕ್ಕೆ ಕಾರಣ ಒಂದು ಹೊಲಿಗೆ ಮಿಷನ್, ನಗಬೇಕು. ಆರು ವರ್ಷದ ಹಿಂದೆ ಅಮ್ಮ ನನ್ನ ವಾರ್ಡಿನಲ್ಲೇ ಹೋದಳು, ಅಕ್ಕ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಕಿತ್ತುಹೋದ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದವಳ ಮೊಣಕೈ ಮುಟ್ಟಿ ನಾನೂ ಅದನ್ನೇ ಹೇಳಿದೆ, ಅಮ್ಮ ಕೊನೇಲಿ ನಿನ್ನೇ ಕೇಳ್ತಿದ್ಲು ಕಣೇ, ಅವಳು ಕುಸಿದು ಕೂತು ಅತ್ತಳು, ಆಮೇಲೆ ಅದೊಂದೇ ಮಾತು ಹಿಡಿದುಕೊಂಡು ಎದ್ದಳು, ಬಂದವರಿಗೆಲ್ಲ ಹೇಳಿಕೊಂಡಳು, ತಿಂಗಳು ಕಳೆದು ಅಮ್ಮನ ಮಿಷನ್ ಯಾರಿಗೆ ಅನ್ನುವಾಗಲೂ ಅದನ್ನೇ ತೆಗೆದಳು, ಪಕ್ಕದಲ್ಲಿದ್ದಿದ್ದು ನೀನು, ಅಮ್ಮ ಕೇಳಿದ್ದು ನನ್ನನ್ನ ಅಂತ, ನನಗೆ ಹೊಟ್ಟೆ ಉರಿದುಹೋಯಿತು, ಹದಿನೇಳು ದಿನ ಅಮ್ಮನ ಮೈ ಒರೆಸಿದವಳು ನಾನು, ಬಾಯಿ ಜಾರಲಿಲ್ಲ, ಬೇಕೆಂದೇ ಅಂದೆ, ಅಮ್ಮ ನಿನ್ನ ಹೆಸರೂ ಎತ್ಲಿಲ್ಲ, ಅದು ನಾನು ಎಲ್ರಿಗೂ ಹೇಳೋ ಮಾತು. ಅಕ್ಕ ಮಿಷನ್ನಿಗೆ ಮುಚ್ಚಳ ಹಾಕಿ ನನ್ನ ಕಡೆ ತಳ್ಳಿ ಹೊರಟುಹೋದಳು, ಆರು ವರ್ಷದಿಂದ ಮಾತಿಲ್ಲ, ಆ ಮಿಷನ್ನಿಗೆ ನಾನು ದಾರ ಕೂಡ ಪೋಣಿಸಿಲ್ಲ.

ಪುಟ್ಟಿ ಇನ್ನೂ ನಿಂತಿದ್ದಾಳೆ, ಒಳಗೊಳಗೇ ಹತ್ತು ಎಣಿಸುತ್ತಿರಬೇಕು, ಹೇಳಿಬಿಡಲೇ, ಟ್ಯೂಬಿತ್ತಲ್ಲೇ ಪುಟ್ಟಿ, ಹೇಗೆ ಕೇಳ್ತಾಳೆ ಅಂತ, ಮುಖ ಪೆಚ್ಚಾಗಲಿ, ಮುಂದಿನವರಿಗಾದರೂ ನೋಡಿಕೊಂಡು ಹೇಳಲಿ — ಬಾಯಿ ಅದನ್ನು ಹೇಳುತ್ತಿಲ್ಲ, ಬೇರೇನೋ ಹೇಳುತ್ತಿದೆ, ತಡವಾಗಿ ಬಂದವರೆಲ್ಲ ನನ್ನನ್ನು ಕೇಳುತ್ತಿದ್ದ ಹಾಗೆಯೇ, ಎಷ್ಟ್ ಸಲ ಕೇಳಿದ್ಲು, ತಂಗಿ ಅಂತಾನೇ ಅಂದ್ಲಾ, ಪುಟ್ಟಿ ತಲೆಯಾಡಿಸುತ್ತಾಳೆ, ಹೂಂ ಸಿಸ್ಟರ್, ಎರಡು ಸಲ, ಎರಡು ಸಲವಂತೆ ಅಕ್ಕ, ಎರಡು ಸಲ, ತುಟಿಯ ಅಂಚಿನಿಂದ ಕಿವಿಯ ಕಡೆಗೆ, ಎರಡು ಬೆರಳಗಲ, ಟೇಪಿನ ಗುರುತು, ಟೇಪಿನ ಗುರುತು