ಕೋಣರಾಜನ ಕಡೆಯ ಪಾಲು

"ಇಲ್ಲಿಗೆ ಹರೀಲ್ಯಾ?" ನಿಲೋಫರ ಪುಸ್ತಕದ ಬೆನ್ನನ್ನು ಮೊಣಕಾಲಿಗೆ ಒತ್ತಿ ಹಿಡಿದು ಕೇಳಿದಳು.

"ಹರಿ. ಮೂರು ಮಂದಿಗೆ ಮೂರು ಪಾಲು. ದಿನಾ ಅದಲಬದಲ ಮಾಡ್ಕೊಳ್ಳೂಣು," ಎಂದಳು ಶೈಲಾ.

ದಾಂಡೇಲಿಯ ಆ ರದ್ದಿ ಗೋದಾಮಿನಲ್ಲಿ ಹಳೆಯ ಕಾಗದವನ್ನೆಲ್ಲ ಬೆಲ್ಟು ಮೇಲಕ್ಕೊಯ್ದು ಅರೆಯುವ ತೊಟ್ಟಿಗೆ ಸುರಿಯುತ್ತದೆ. ಪ್ಲಾಸ್ಟಿಕ್ ಅರೆಯುವುದಿಲ್ಲವೆಂದು ಅಲ್ಲಿ ದುಡಿಯುವ ಹೆಂಗಸರು ಪುಸ್ತಕಗಳ ಪ್ಲಾಸ್ಟಿಕ್ ಮೆತ್ತಿದ ಹೊದಿಕೆಯನ್ನು ಮೊದಲ ಹಾಳೆಯ ಸಮೇತ ಮೊದಲೇ ಕಿತ್ತುಬಿಡುತ್ತಾರೆ. ಹಾಗಾಗಿ ಅಲ್ಲಿ ಯಾವ ಪುಸ್ತಕಕ್ಕೂ ಹೆಸರಿರುವುದಿಲ್ಲ. ಸಿಕ್ಕದ್ದನ್ನು ಊಟದ ಹೊತ್ತಿನಲ್ಲಿ ಓದಬಹುದು, ಗೇಟು ದಾಟಿಸುವಂತಿಲ್ಲ, ಶನಿವಾರದೊಳಗೆ ಬೆಲ್ಟಿಗೆ ಹಾಕಬೇಕು ಎಂಬುದು ಮುಕಾದಮ ಅಡಿವೆಯ್ಯನ ಕರಾರು. ಈ ಸಲದ್ದು ದಪ್ಪ ಪುಸ್ತಕ. ಕೋಣವಾದ ರಾಜನ ಕಥೆ. ಕಡೆಯ ಪಾಲು ಮೂವರಲ್ಲಿ ಹಿರಿಯಳಾದ ಕಾಶೆವ್ವನ ಮಡಿಲಿಗೆ ಬಿತ್ತು.

ಕಾಶೆವ್ವನಿಗೆ ಓದಲು ಬರುವುದಿಲ್ಲ. ಅದು ಉಳಿದಿಬ್ಬರಿಗೆ ತಿಳಿಯದು. ನಾಲ್ಕು ವರ್ಷದಿಂದ ಅವಳು ಪುಸ್ತಕವನ್ನು ಎಲ್ಲರಾದ ಮೇಲೆ ತೆಗೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಇವರಿಬ್ಬರ ವಾದ ಕೇಳಿ ಕಥೆಯೆಲ್ಲ ಅವಳ ತಲೆಯಲ್ಲಿರುತ್ತಿತ್ತು. ಎರಡು ದಿನ ಹಾಳೆ ತಿರುವಿ ಒಂದು ಮಾತು ಹೇಳಿದರೆ ಅದೇ ಕೊನೆಯ ತೀರ್ಪು. ಊಟಕ್ಕೆ ಕೂರುವ ಬಾದಾಮಿ ಗಿಡದ ಬುಡದಲ್ಲಿ, ಓದುವವರ ಜೊತೆ ಅವಳಿಗೊಂದು ಜಾಗವಿತ್ತು. ಈ ಸಲ ತನ್ನ ಪಾಲನ್ನು ತನಗಿಂತ ಮೊದಲು ಯಾರೂ ಓದಿಲ್ಲ ಎಂಬುದು ಹಾಳೆ ತಿರುವುವಾಗ ಅವಳಿಗೆ ಹೊಳೆಯಿತು.

ಅಂದು ಗುರುವಾರ. ನಿಲೋಫರ ತನ್ನ ಪಾಲು ಓದಿ ಮುಗಿಸಿ, ಡಬ್ಬಿ ಬಿಚ್ಚುವ ಮೊದಲೇ ಶುರು ಮಾಡಿದಳು. "ಮಾಟಗಾತಿ ಕಣ್ಣಿನ ಚಾಳೀಸು ಮರತು ಬಂದಾಳ. ಕಳ್ಳನ್ನ ಕೋಣ ಮಾಡಾಕ ಹೋಗಿ ರಾಜನ್ನ ಮಾಡಿಬಿಟ್ಟಾಳ! ಆದ್ರ ಅರಮನಿ ವರ್ಣನಾ ಬಾಳ ಆತು. ಬ್ಯಾಸರ ಬಂತು."

"ನನ್ನ ಪಾಲು ಚಲೋ ಐತಿ," ಎಂದಳು ಶೈಲಾ. "ಕೋಣ ಆದ್ರೂ ಗಾದಿ ಬಿಟ್ಟಿಲ್ಲ. ಮಂದಿ ಅರ್ಜಿ ತಂದು ಮುಂದ ಹಿಡದ್ರ ಮೇದ ಬಿಡ್ತಾನ. ಮಂತ್ರಿ ಅದನ್ನ ನೋಡಿ, ಮಂಜೂರಾತು ಅಂತಾನ."

"ನಮ್ಮ ತಾಲೂಕ ಕಚೇರಿಗಿಂತ ಚಲೋ ಆತಲ್ಲ. ಒಂದ ದಿನಕ್ಕ ಕೆಲಸ!" ನಿಲೋಫರ ಕಾಶೆವ್ವನ ಕಡೆ ತಿರುಗಿದಳು. "ಆಯಿ, ತಡಕೊಳ್ಳಾಕ ಆಗವಲ್ದು. ಕಡೀಕ ಮನಿಷ್ಯಾ ಆಗ್ತಾನೋ ಇಲ್ಲೋ?"

ಕಾಶೆವ್ವ ಬಾಯಲ್ಲಿದ್ದ ರೊಟ್ಟಿಯನ್ನು ಬಹಳ ಹೊತ್ತು ಅಗಿದಳು. ಸಣ್ಣವಳಿದ್ದಾಗ ಸಾಂಬ್ರಾಣಿ ಎಂಬ ಹಳ್ಳಿಯಲ್ಲಿ ಎಮ್ಮೆ ಕಾದವಳು ಅವಳು.

"ಆಗಂಗಿಲ್ಲ," ಎಂದಳು. "ಹಿಂಡಿನ ಬೆನ್ನ ಹತ್ತಿ ಕೆರೀಗೆ ಇಳೀತಾನ. ಮಂತ್ರಿ ದಂಡಿ ಮ್ಯಾಲೆ ಕಾಗದ ಹಿಡಕೊಂಡು, ಮಹಾರಾಜ್ರ, ಒಂದು ಸಹಿರೀ ಅಂತಾನ. ಇಂವಾ ಬರೇ ಮೂಗು ಹೊರಗ ಹಾಕ್ಯಾನ. ಕೆಸರಾಗ ಹೊಕ್ಕ ಕೋಣ ಯಾರ ಮಾತು ಕೇಳೀತ?"

ನಿಲೋಫರ ನೆತ್ತಿಗೆ ಹತ್ತುವಷ್ಟು ನಕ್ಕಳು. "ಶನಿವಾರ ಅದು ನನ್ನ ಪಾಲು!"

ಶುಕ್ರವಾರ ಕಡೆಯ ಪಾಲು ಶೈಲಾಳ ಕೈಗೆ ಬಂತು. ಕೊನೆಯ ಎಂಟು ಹಾಳೆಗಳ ಅಂಚನ್ನು ಅಚ್ಚಿನವರು ಕತ್ತರಿಸಿರಲಿಲ್ಲ; ಯಾರೂ ಬಿಡಿಸದೆ ಅವು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಅವಳು ಉಗುರಿನಿಂದ ಸೀಳಿ ಓದಿದಳು. ಮಾಟಗಾತಿಗೆ ಚಾಳೀಸು ಸಿಕ್ಕಿತು, ರಾಜ ಮನುಷ್ಯನಾದ, ಮದುವೆಯಾಯಿತು. ಕೆರೆ ಎಲ್ಲಿಯೂ ಇರಲಿಲ್ಲ. ತಲೆ ಎತ್ತಿದಳು. ಎದುರಿಗೆ ಕಾಶೆವ್ವ ಅವಳ ಕೈಯಲ್ಲಿದ್ದ ಸೀಳಿದ ಅಂಚುಗಳನ್ನೇ ನೋಡುತ್ತಿದ್ದಳು.

"ಹೆಂಗೈತಿ ಕೆರೀದು?" ನಿಲೋಫರ ಕೇಳಿದಳು.

"ಆಯಿ ಹೇಳಿದಷ್ಟು ಚಲೋ ಬರದಿಲ್ಲ," ಎಂದಳು ಶೈಲಾ.

ಕಾಶೆವ್ವ ಡಬ್ಬಿಯ ಮುಚ್ಚಳ ಹಾಕಿದಳು.

ಶನಿವಾರ ಊಟದ ಹೊತ್ತಿಗೆ ಕಡೆಯ ಪಾಲು ಇರಲಿಲ್ಲ.

"ಮುಂಜಾನೆ ಬ್ಯಾರೆ ರದ್ದಿ ಸಂಗಾಟ ಬೆಲ್ಟಿಗೆ ಹೋತು. ಕೈತಪ್ಪಿ," ಎಂದಳು ಶೈಲಾ.

"ಕೈತಪ್ಪಿ? ನೀ ಓದಿ ಮುಗಿಸಿದ ಮ್ಯಾಲ ತಪ್ಪಿತೇನ ಕೈ? ಇನ್ನ ನಿನ್ನ ಸಂಗಾಟ ಪುಸ್ತಕ ಹಂಚಿಕೊಂಡ್ರ ಕೇಳು!" ನಿಲೋಫರ ಅವಳಿಗೆ ಬೆನ್ನು ಮಾಡಿ ಕುಳಿತಳು. ಶೈಲಾ ತನ್ನ ಡಬ್ಬಿ ಬಿಚ್ಚಿದಳು. ಮೂವರೂ ಉಂಡರು. ಒಳಗೆ ಬೆಲ್ಟು ಕಿರುಗುಟ್ಟುತ್ತಿತ್ತು.

ಕೈ ತೊಳೆದು ಬಂದ ಕಾಶೆವ್ವ ಶೈಲಾಳನ್ನು ಒಮ್ಮೆ ನೋಡಿ ನಿಲೋಫರಳ ಪಕ್ಕದಲ್ಲಿ ಕುಳಿತಳು. "ಏ ಹುಡುಗಿ, ನಾ ಹೇಳ್ಲ್ಯಾ?"

ನಿಲೋಫರ ಅವಳ ಕಡೆ ತಿರುಗಿ, "ಕೆರೀಂದ ಹೇಳ್ರಿ," ಎಂದಳು.

ಕಾಶೆವ್ವ ಅಂಗೈಯನ್ನು ನೀರಿನ ಮಟ್ಟವೆಂಬಂತೆ ಗದ್ದದ ಕೆಳಗೆ ಅಡ್ಡ ಹಿಡಿದು, ಮೂಗನ್ನಷ್ಟೇ ಮೇಲಕ್ಕೆತ್ತಿ ಕಣ್ಣು ಮುಚ್ಚಿದಳು.